ಒಂದೇ ಬಾಗಿಲಿನ ಕಥೆ

ಕುಂದಗೋಳ ತಾಲೂಕಿನ ಕುಬಿಹಾಳದ ಕಡೆಯ ಹಿರಿಯರ ಹತ್ತಿರ ನೆಲದಡಿ ಕಾಳು ಕೂಡಿಡುವ ಹಗೇವಿನ ಮಾತು ತೆಗೆದರೆ, ಅದು ಎಷ್ಟು ಚೀಲ ಜೋಳ ಹಿಡಿಯುತ್ತಿತ್ತು ಎಂಬ ಲೆಕ್ಕಕ್ಕಿಂತ ಮೊದಲು ಅದರ ಬಾಯಿ ತೆರೆಯುವ ರೀತಿಯ ಮಾತೇ ಬರುತ್ತದೆ. ನೀರು ನಿಲ್ಲದ ಗಟ್ಟಿ ನೆಲ ನೋಡಿ ತೋಡಿದ ಹಗೇವಿಗೆ ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟೇ ಬಾಯಿ. ಒಳಗೆ ಮಾತ್ರ ಅಗಲ. ಗೋಡೆಗೂ ತಳಕ್ಕೂ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಳನ್ನು ಕಾಯುತ್ತಿದ್ದದ್ದು ಯಾವುದೋ ಅದೇ ಒಳಗಿಳಿದವನ ಪ್ರಾಣಕ್ಕೆ ಎರವಾಗುತ್ತಿತ್ತು. ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅಲ್ಲಿ ಹುಳು ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಆ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಹಾಗಾಗಿ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಝಳ ಹೋಗಲೆಂದು ಕಾಯಬೇಕು. ಕಂದೀಲು ಕಟ್ಟಿ ಇಳಿಬಿಡಬೇಕು, ದೀಪ ಆರಿದರೆ ಇಳಿಯಬಾರದು. ಇಳಿದವನ ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲಿದ್ದವನ ಕೈಯಲ್ಲಿ. ಮೇಲಿನವ ಮಾತಾಡಿಸುತ್ತಲೇ ಇರಬೇಕು. ಒಳಗಿನ ದನಿ ನಿಂತಿತೋ, ಎಳೆಯಬೇಕು. ಗಾಬರಿಬಿದ್ದು ತಾನೂ ಇಳಿಯಬಾರದು. ಈ ಕೊನೆಯ ಮಾತು ಮರೆತು ಒಬ್ಬನ ಹಿಂದೆ ಒಬ್ಬ ಇಳಿದು ಸತ್ತ ಸುದ್ದಿಗಳು ಉತ್ತರ ಕರ್ನಾಟಕಕ್ಕೆ ಹೊಸವಲ್ಲ.

ಮೊದಲಿನಿಂದ ಕೊನೆಯವರೆಗೆ ಒಂದೇ ಮುಚ್ಚಿದ ಜಾಗದಲ್ಲಿ ನಡೆಯುವ ಥ್ರಿಲ್ಲರ್ ಸಿನಿಮಾಗಳ ಬಗ್ಗೆ ಬರೆಯಹೊರಟು ಹಗೇವಿನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಇಂಥ ಚಿತ್ರಕ್ಕೆ ಬೇಕಾದುದೆಲ್ಲ ಆ ಗುಂಡಿಯ ಸುತ್ತ ಇದೆ. ಇಷ್ಟೇ ಎಂದು ಗೊತ್ತಿರುವ ಜಾಗ, ಇಷ್ಟೇ ಎಂದು ಗೊತ್ತಿರುವ ಗಾಳಿ, ಒಳಗಿನವನಿಗೂ ಹೊರಗಿನವನಿಗೂ ನಡುವೆ ಒಂದು ಹಗ್ಗ ಮತ್ತು ಒಂದು ದನಿ, ಇಳಿಯಲೋ ಬೇಡವೋ ಎಂಬ ಮೇಲಿನವನ ಸಂಕಟ. ಇವುಗಳ ಲೆಕ್ಕ ಎಲ್ಲರಿಗೂ ಗೊತ್ತಿದೆ, ಅದಕ್ಕೇ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನೋಡುವವನ ಕೈಗೆ ಈ ಲೆಕ್ಕ ಕೊಡದ ನಿರ್ದೇಶಕ ಎಷ್ಟೇ ಚಿಕ್ಕ ಕೋಣೆ ಕಟ್ಟಿಸಿದರೂ, ಎಷ್ಟೇ ಕತ್ತಲೆ ಮಾಡಿದರೂ ಭಯ ಹುಟ್ಟುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

2010ರಲ್ಲಿ ಬಂದ ರೊಡ್ರಿಗೊ ಕೊರ್ಟೆಸ್ ಅವರ ‘ಬರಿಡ್’ ಚಿತ್ರವನ್ನೇ ನೋಡಿ. ಇರಾಕಿನಲ್ಲಿ ದುಡಿಯುವ ಅಮೆರಿಕದ ಲಾರಿ ಚಾಲಕನೊಬ್ಬನಿಗೆ ಎಚ್ಚರವಾದಾಗ ಅವನು ಮಣ್ಣಿನಡಿ ಒಂದು ಮರದ ಪೆಟ್ಟಿಗೆಯೊಳಗಿದ್ದಾನೆ. ಕೈಗೆ ಸಿಕ್ಕಿದ್ದು ಒಂದು ಲೈಟರು, ಒಂದು ಮೊಬೈಲು. ಸುಮಾರು ಒಂದೂವರೆ ಗಂಟೆಯ ಚಿತ್ರ ಆ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಅವನ ಹೆಂಡತಿಯನ್ನು, ಅವನೊಡನೆ ಫೋನಿನಲ್ಲಿ ಮಾತಾಡುವ ಅಧಿಕಾರಿಗಳನ್ನು ಅವರವರ ಮನೆ, ಕಚೇರಿಗಳಲ್ಲಿ ಕೂರಿಸಿ ತೋರಿಸುವ ಆಸೆ ಯಾವ ನಿರ್ದೇಶಕನಿಗೂ ಬರುತ್ತದೆ, ಕೊರ್ಟೆಸ್ ಆ ಆಸೆಗೆ ಬೀಳಲಿಲ್ಲ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದು ಅವನಿಗೆ ಕಂಡಂತೆ ನಮಗೂ ಕಾಣುತ್ತದೆ. ಲೈಟರು ಹೊತ್ತಿಸಿದರೆ ಬೆಳಕು ಬರುತ್ತದೆ, ಗಾಳಿ ಕರಗುತ್ತದೆ. ಕಂದೀಲು ಇಳಿಬಿಟ್ಟು ನೋಡಿದ ರೈತನಿಗೆ ಈ ದೃಶ್ಯವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಬಾರ್ಸಿಲೋನಾದಲ್ಲಿ 17 ದಿನಗಳಲ್ಲಿ ಮುಗಿದ ಚಿತ್ರೀಕರಣ ಅದು. ಒಂದೇ ಪೆಟ್ಟಿಗೆಯಂತೆ ಕಾಣುವುದಕ್ಕೆ ಏಳು ಪೆಟ್ಟಿಗೆ ಮಾಡಿಸಿದ್ದರು. ಒಂದರ ಗೋಡೆ ಕಳಚುತ್ತಿತ್ತು, ಇನ್ನೊಂದು ಕ್ಯಾಮೆರಾ ಸುತ್ತು ತಿರುಗಲೆಂದೇ ಆಗಿತ್ತು.

ಕನ್ನಡಕ್ಕೆ ಬಂದರೆ, ಮುಚ್ಚಿದ ಜಾಗದ ಕಥೆಗೆ ನಮ್ಮಲ್ಲಿ ಬಹುಕಾಲ ಅಡ್ಡ ಬಂದದ್ದು ಹಾಡು. ಹಾಡು ಬಂತೆಂದರೆ ಬಾಗಿಲು ತೆರೆಯಿತು ಎಂದೇ ಅರ್ಥ. ಕೊಲೆಗಾರ ಹೊಂಚು ಹಾಕಿದ್ದಾಗಲೇ ನಾಯಕ ನಾಯಕಿಯರು ಊಟಿಯ ಹುಲ್ಲುಗಾವಲಿನಲ್ಲಿ ತಿರುಗಿ ಬಂದರೆ, ಅಲ್ಲಿಯವರೆಗೆ ಕೂಡಿಟ್ಟ ಭಯವೆಲ್ಲ ಸೋರಿಹೋಗುತ್ತದೆ. ಇದನ್ನು ಸರಿಯಾಗಿ ಅರಿತವರು ಸುನೀಲ್ ಕುಮಾರ್ ದೇಸಾಯಿ. 1989ರ ‘ತರ್ಕ’ ಅವರ ಮೊದಲ ಚಿತ್ರ. ಶಂಕರ್ ನಾಗ್, ವನಿತಾ ವಾಸು, ದೇವರಾಜ್ ಅಭಿನಯ. ಹಾಡೇ ಇಲ್ಲ. ಹಿಂದಿಯಲ್ಲಿ ಯಶ್ ಚೋಪ್ರಾ ಇಪ್ಪತ್ತು ವರ್ಷ ಹಿಂದೆಯೇ, 1969ರ ‘ಇತ್ತೆಫಾಕ್’ನಲ್ಲಿ, ಒಂದು ಮನೆ ಒಂದು ರಾತ್ರಿ ಇಟ್ಟುಕೊಂಡು ಹಾಡಿಲ್ಲದ ಚಿತ್ರ ಮಾಡಿದ್ದರು ನಿಜ. ಆದರೆ ಅವರು ಆಗಲೇ ಹೆಸರು ಮಾಡಿದ್ದವರು. ಮೊದಲ ಚಿತ್ರಕ್ಕೇ ಹಾಡು ಬೇಡವೆಂದು ನಿಲ್ಲಲು ಬೇರೆಯದೇ ಎದೆಗಾರಿಕೆ ಬೇಕು. ಮರುವರ್ಷವೇ ‘ತರ್ಕ’ ತಮಿಳಿಗೆ ಹೋಯಿತು. ಕೆ.ಎಸ್. ರವಿಕುಮಾರ್ ಅವರಿಗೂ ಆ ‘ಪುರಿಯಾದ ಪುದಿರ್’ ನಿರ್ದೇಶಕರಾಗಿ ಮೊದಲ ಚಿತ್ರವಾಯಿತು.

ದೇಸಾಯಿ ಅಲ್ಲಿಗೇ ನಿಲ್ಲದೆ 1993ರಲ್ಲಿ ‘ನಿಷ್ಕರ್ಷ’ ಮಾಡಿದರು. ಮಣಿಪಾಲದ ಬಹುಮಹಡಿ ಕಟ್ಟಡದ ಬ್ಯಾಂಕನ್ನು ದುಷ್ಟರ ಗುಂಪೊಂದು ಹಿಡಿದುಕೊಳ್ಳುತ್ತದೆ, ಒಳಗೆ ಒತ್ತೆಯಾಳುಗಳು, ಒಳಹೊಗುವ ಕಮಾಂಡೊ ವಿಷ್ಣುವರ್ಧನ್, ಹೊರಗೆ ಪೊಲೀಸ್ ಪಡೆ ಕಟ್ಟಿಕೊಂಡ ಅನಂತ್ ನಾಗ್. ಅಮೆರಿಕದ ‘ಡೈ ಹಾರ್ಡ್’ನ ನೆರಳು ಅದರ ಮೇಲಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಕಟ್ಟಡವನ್ನು ಬಳಸಿದ ಬಗೆ ಕನ್ನಡಕ್ಕೆ ಹೊಸದು. ಯಾವ ಮಹಡಿಯಲ್ಲಿ ಯಾರಿದ್ದಾರೆ, ಮೆಟ್ಟಿಲು ಎಲ್ಲಿ, ಲಿಫ್ಟು ಎಲ್ಲಿ ಎಂಬುದು ನೋಡುವವನ ತಲೆಯಲ್ಲಿ ಕೂರುವವರೆಗೆ ದೇಸಾಯಿ ಅವಸರ ಮಾಡುವುದಿಲ್ಲ. ಕಟ್ಟಡದ ನಕಾಶೆ ಮನಸ್ಸಿನಲ್ಲಿ ನಿಂತ ಮೇಲೆ ಒಂದು ಬಾಗಿಲು ಕಿರ್ರೆಂದರೂ ಸಾಕು. ಧಾರವಾಡ ಸೀಮೆಯವರಿಗೆ ಈ ಚಿತ್ರದ ಜೊತೆ ಇನ್ನೊಂದು ನಂಟಿದೆ. ಗುಂಪಿನ ನಾಯಕನಾಗಿ ನಟಿಸಿ, ಚಿತ್ರವನ್ನು ನಿರ್ಮಿಸಿದ ಬಿ.ಸಿ. ಪಾಟೀಲರ ಕ್ಷೇತ್ರ ಹಿರೇಕೆರೂರು. ಪೊಲೀಸ್ ಇಲಾಖೆಯಲ್ಲಿದ್ದು ಸಿನಿಮಾಕ್ಕೆ ಬಂದವರು, ಮುಂದೆ ಶಾಸಕರು, ಮಂತ್ರಿಗಳೂ ಆದವರು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಹಿರೇಕೆರೂರು, ಕುಂದಗೋಳ ಎರಡೂ ಒಂದೇ ಧಾರವಾಡ ಜಿಲ್ಲೆಯ ತಾಲೂಕುಗಳು.

‘ನಿಷ್ಕರ್ಷ’ದಲ್ಲಿ ಬಾಗಿಲಿಗೆ ಬಂದೂಕು ಕಾವಲಿದೆ. ‘ಬರಿಡ್’ನಲ್ಲಿ ಮೇಲೆ ಮಣ್ಣಿದೆ. ಬೀಗವೇ ಇಲ್ಲದ ಮನೆಯಲ್ಲಿ ಜನರನ್ನು ಸಿಕ್ಕಿಹಾಕಿಸುವುದು ಇವೆರಡಕ್ಕಿಂತ ಕಷ್ಟ. ಅದನ್ನು ಮಾಡಿದ್ದು ದಯಾಳ್ ಪದ್ಮನಾಭನ್ ಅವರ ‘ಆ ಕರಾಳ ರಾತ್ರಿ’, 2018ರಲ್ಲಿ. ಮೋಹನ್ ಹಬ್ಬು ಅವರ ಅದೇ ಹೆಸರಿನ ನಾಟಕ ಅದಕ್ಕೆ ಆಧಾರ. ಮಲೆನಾಡಿನ ಒಂಟಿಮನೆ. ಬಡತನದಲ್ಲಿ ಬೆಂದ ಅಪ್ಪ, ಅಮ್ಮ, ಮದುವೆಯಾಗದ ಮಗಳು. ಒಂದು ಸಂಜೆ ಅಪರಿಚಿತನೊಬ್ಬ ಬಂದು ಒಂದು ರಾತ್ರಿ ಇಲ್ಲಿ ತಂಗಬಹುದೇ ಎಂದು ಕೇಳುತ್ತಾನೆ. ಅವನ ಹತ್ತಿರ ಹಣವಿದೆ, ಒಡವೆಯಿದೆ. ಇಷ್ಟೇ ಕಥೆಯ ಬೀಜ. ರಂಗಾಯಣ ರಘು, ವೀಣಾ ಸುಂದರ್, ಅನುಪಮಾ ಗೌಡ, ಕಾರ್ತಿಕ್ ಜಯರಾಂ ಈ ನಾಲ್ವರ ಹೆಗಲ ಮೇಲೆ ಚಿತ್ರ ನಿಂತಿದೆ.

ಗಮನಿಸಿ, ಆ ಮನೆಯ ಬಾಗಿಲು ತೆರೆದೇ ಇದೆ. ಬಂದವನು ಯಾವ ಗಳಿಗೆಯಲ್ಲಾದರೂ ಎದ್ದು ಹೋಗಬಹುದು. ಮನೆಯವರು ಯಾವ ಗಳಿಗೆಯಲ್ಲಾದರೂ ಅವನನ್ನು ಕಳಿಸಿಕೊಟ್ಟು ಕೈ ತೊಳೆದುಕೊಳ್ಳಬಹುದು. ಯಾರೂ ಹಾಗೆ ಮಾಡುವುದಿಲ್ಲ, ಏಕೆ ಮಾಡುವುದಿಲ್ಲ ಎಂಬುದನ್ನು ಚಿತ್ರ ಇಂಚು ಇಂಚಾಗಿ ತೋರಿಸುತ್ತದೆ. ಬೆಳಗಾಗುವುದರೊಳಗೆ ತೀರ್ಮಾನವಾಗಬೇಕು, ಅದೇ ಇಲ್ಲಿಯ ಗಾಳಿಯ ಲೆಕ್ಕ. ಸಾಲದ ಹಣ, ಮಗಳ ಮದುವೆ, ನೆರೆಯವರ ಕಣ್ಣು ಎಲ್ಲವೂ ಆ ಮನೆಯೊಳಗೆ ಬಂದು ಕೂತಿವೆ. ಕೊನೆಯಲ್ಲಿ ಏನಾಗುತ್ತದೆಂದು ನೋಡದವರಿಗಾಗಿ ಹೇಳುವುದಿಲ್ಲ. ಈ ಎಳೆ ಹಳೆಯದು, ಇಂಗ್ಲಿಷ್ ಕವಿ ರೂಪರ್ಟ್ ಬ್ರೂಕ್ ಬರೆದ ಏಕಾಂಕದಲ್ಲಿ ಇದೆ, 1944ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಬಂದ ಆಲ್ಬರ್ಟ್ ಕಮೂನ ನಾಟಕದಲ್ಲೂ ಇದೆ. ಹೀಗಿದ್ದೂ ಕನ್ನಡದ ಚಿತ್ರ ಅನ್ಯದೇಶದ್ದೆಂದು ಎಲ್ಲಿಯೂ ಅನಿಸುವುದಿಲ್ಲ. ನಮ್ಮಲ್ಲಿ ಬಡತನ ಮಾತಾಡುವ ರೀತಿ, ಮನೆಗೆ ಬಂದವರಿಗೆ ಉಣ್ಣಲು ಕೇಳುವ ರೀತಿ ಅದರಲ್ಲಿದೆ. ಆ ವರ್ಷದ ರಾಜ್ಯ ಸರಕಾರದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ ಅದಕ್ಕೆ ಸಂದಿತು. ದಯಾಳ್ ತಾವೇ ಅದನ್ನು 2020ರಲ್ಲಿ ತೆಲುಗಿನಲ್ಲಿ, 2023ರಲ್ಲಿ ತಮಿಳಿನಲ್ಲಿ ಮತ್ತೆ ಮಾಡಿದರು. ಒಂದು ಮನೆ, ನಾಲ್ಕು ಜನ, ಒಂದು ರಾತ್ರಿ ಮೂರು ಭಾಷೆಗೆ ಸಾಕಾಯಿತು.

ಇನ್ನೊಂದು ಚಿತ್ರದ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಮಂಸೋರೆ ನಿರ್ದೇಶನದ ‘ಆ್ಯಕ್ಟ್ 1978’. 2020ರ ನವೆಂಬರ್ 20ರಂದು ಬಿಡುಗಡೆಯಾಯಿತು. ಕೊರೊನಾ ಲಾಕ್‌ಡೌನ್ ಮುಗಿದು ಚಿತ್ರಮಂದಿರ ತೆರೆದ ಮೇಲೆ ಬಂದ ಮೊದಲ ಹೊಸ ಕನ್ನಡ ಚಿತ್ರ ಅದು. ತಿಂಗಳುಗಟ್ಟಲೆ ಮನೆಯೊಳಗೆ ಕೂತು ಬಂದ ಜನ, ಮುಖಗವಸು ಹಾಕಿಕೊಂಡು, ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಕೂತು ನೋಡಿದ ಚಿತ್ರ. ಕಥೆ ಹೀಗಿದೆ: ತನಗೆ ನ್ಯಾಯವಾಗಿ ಬರಬೇಕಾದ ಪರಿಹಾರದ ಹಣಕ್ಕಾಗಿ ಅಲೆದಲೆದು ಸೋತ ತುಂಬು ಗರ್ಭಿಣಿಯೊಬ್ಬಳು ಮೈಗೆ ಬಾಂಬು ಕಟ್ಟಿಕೊಂಡು ಸರಕಾರಿ ಕಚೇರಿಗೆ ಬರುತ್ತಾಳೆ. ಅಲ್ಲಿದ್ದವರೆಲ್ಲ ಒತ್ತೆಯಾಳು. ಯಜ್ಞಾ ಶೆಟ್ಟಿ ಆ ಹೆಣ್ಣುಮಗಳು. ಹೊರಗೆ ಪೊಲೀಸರು, ಟಿವಿ ವಾಹನಗಳು, ಮಂತ್ರಿಮಂಡಲದ ಕಂಗಾಲು.

ಈ ಚಿತ್ರದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಜಾಗದ ಆಯ್ಕೆ. ತಹಶೀಲ್ದಾರ್ ಕಚೇರಿ, ಭೂಮಾಪನ ಕಚೇರಿ, ನಾಡಕಚೇರಿ, ಇವುಗಳ ಒಳಗು ಕರ್ನಾಟಕದ ಯಾವ ರೈತನಿಗೆ ಗೊತ್ತಿಲ್ಲ? ಕಡತಗಳ ಕಟ್ಟು, ಕೆಂಪು ದಾರ, ಕಬ್ಬಿಣದ ಕಪಾಟು, ‘ನಾಳೆ ಬಾ’ ಎಂಬ ಮಾತು. ಉತಾರಕ್ಕೋ ಬೆಳೆವಿಮೆಗೋ ಕುಬಿಹಾಳದಿಂದ ಕುಂದಗೋಳಕ್ಕೆ ಹೋಗಿ ಇಡೀ ದಿನ ಬೆಂಚಿನ ಮೇಲೆ ಕೂತು ಬಂದವನಿಗೆ ಅದು ಮೊದಲೇ ಉಸಿರುಗಟ್ಟಿಸುವ ಜಾಗ. ಎಂದೂ ಒಳಗೆ ಕರೆಯದ ಆ ಕೋಣೆಯಲ್ಲಿ ಈಗ ಕರೆಯದವರೇ ಸಿಕ್ಕಿಹಾಕಿಕೊಂಡಿದ್ದಾರೆ. ಕಾಯಿಸುವವರು ಕಾಯುತ್ತಿದ್ದಾರೆ. ಗೋಡೆಗಳು ಅವೇ, ಒಳಗೆ ಸಿಕ್ಕಿಬಿದ್ದವರು ಬೇರೆ. ಇಂಥ ಜಾಗ ಹುಡುಕಿಕೊಂಡ ಲೇಖಕನಿಗೆ ಅರ್ಧ ಚಿತ್ರ ಅಲ್ಲಿಯೇ ಸಿಕ್ಕಿತು. ಮೈಗೆ ಕಟ್ಟಿದ ಬಾಂಬಿನ ಲೆಕ್ಕದ ಜೊತೆಗೆ ಹೊಟ್ಟೆಯಲ್ಲಿರುವ ಮಗುವಿನ ಲೆಕ್ಕವೂ ಸೇರಿ, ಗುಂಡು ಹಾರಿಸಿ ಮುಗಿಸಿಬಿಡಿ ಎನ್ನುವ ಅಧಿಕಾರಿಯ ಕೈ ಕೂಡ ನಡುಗಬೇಕಾಗುತ್ತದೆ. ಚಿತ್ರದ ಕೆಲವು ಕಡೆ ಭಾಷಣ ಹೆಚ್ಚಾಯಿತು. ಆ ಕಚೇರಿಯ ಗೋಡೆಗಳೇ ಹೇಳುತ್ತಿದ್ದುದನ್ನು ಪಾತ್ರಗಳ ಬಾಯಲ್ಲಿ ಮತ್ತೆ ಹೇಳಿಸುವ ಅಗತ್ಯವಿರಲಿಲ್ಲ. ಆದರೂ ನಮ್ಮದೇ ಮುಚ್ಚಿದ ಜಾಗವೊಂದನ್ನು ಗುರುತಿಸಿ ಅದರೊಳಗೇ ನಿಂತ ಚಿತ್ರಗಳಲ್ಲಿ ಇದಕ್ಕೆ ಮೇಲಿನ ಸ್ಥಾನ.

ಕೋಣೆ ಬದಲಾಗದೆ ನೋಟ ಬದಲಾಗುವುದು ಹೇಗೆ ಎಂದು ಕೇಳುವವರಿಗೆ ಸಿಡ್ನಿ ಲುಮೆಟ್ 1957ರ ‘12 ಆ್ಯಂಗ್ರಿ ಮೆನ್’ನಲ್ಲಿ ಮಾಡಿದ್ದನ್ನು ಹೇಳಬೇಕು. ಹನ್ನೆರಡು ಜನ ಜ್ಯೂರಿ ಸದಸ್ಯರು, ಒಂದು ಮೇಜು, ಒಂದು ಕೋಣೆ, ಸೆಕೆ. ಚಿತ್ರದ ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ, ನಡುಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಯ ಭಾಗದಲ್ಲಿ ಇನ್ನೂ ಕೆಳಗೆ ಹೋಗಿ ಮುಖಗಳನ್ನು ಕೆಳಗಿನಿಂದ ನೋಡುತ್ತದೆ. ಹಾಗಾದಾಗ ಅಲ್ಲಿಯವರೆಗೆ ಕಾಣದ ಛಾವಣಿ ಕಾಣತೊಡಗಿ ತಲೆಯ ಮೇಲೆ ಬಂದು ಕೂರುತ್ತದೆ. ಜೊತೆಗೆ ಲೆನ್ಸನ್ನು ಹಂತಹಂತವಾಗಿ ಉದ್ದದ್ದಕ್ಕೆ ಬದಲಿಸಿದರು, ಹಿಂದಿನ ಗೋಡೆ ಮುಖದ ಹತ್ತಿರ ಸರಿದಂತೆ ಕಾಣಲೆಂದು. ನೋಡುವವರಿಗೆ ಇದಾವುದೂ ಗೊತ್ತಾಗುವುದಿಲ್ಲ, ಕೊರಳ ಹತ್ತಿರ ಬಿಗಿದಂತಾಗುತ್ತದೆ ಅಷ್ಟೇ. ಬಾಸು ಚಟರ್ಜಿ 1986ರಲ್ಲಿ ಇದನ್ನೇ ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸಲಾ’ ಎಂದು ಮಾಡಿದರು.

ಕಣ್ಣಿಗಿಂತ ಹೆಚ್ಚಾಗಿ ಇಂಥ ಚಿತ್ರ ಕಿವಿಯನ್ನು ನೆಚ್ಚುತ್ತದೆ. ಹೊರಗಿನದು ಕಾಣುವುದಿಲ್ಲವಾದ್ದರಿಂದ ಹೊರಗಿನದೆಲ್ಲ ಸದ್ದಾಗಿ ಬರಬೇಕು. ಮೆಟ್ಟಿಲ ಮೇಲಿನ ಹೆಜ್ಜೆ, ಗೋಡೆಯಾಚೆಯ ಕೆಮ್ಮು, ದೂರದ ಟ್ರ್ಯಾಕ್ಟರು, ನಿಂತ ಫ್ಯಾನು. ಹಿನ್ನೆಲೆ ಸಂಗೀತ ಸುರಿದು ಇವನ್ನು ಮುಳುಗಿಸುವುದು ಈಗಿನ ನಮ್ಮ ಥ್ರಿಲ್ಲರ್‌ಗಳ ದೊಡ್ಡ ರೋಗ. ಕಿವಿಯಿಂದಲೇ ಒಂದು ರಾತ್ರಿ ಕಳೆಯುವ ಅಭ್ಯಾಸ ಈ ಸೀಮೆಗೆ ಇಲ್ಲದ್ದಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಜನ ಅಹೋರಾತ್ರಿ ಕೂತು ಕೇಳಿದ್ದಾರೆ. ಅಂಥ ಕಿವಿಗಳಿಗೆ ಚಿತ್ರ ಮಾಡುವವನು ಮೌನಕ್ಕೆ ಹೆದರಬೇಕಿಲ್ಲ.

ರಂಗಭೂಮಿಯ ಮಾತನ್ನೂ ಚಿಕ್ಕದಾಗಿ ಸೇರಿಸುತ್ತೇನೆ. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು 2005ರಲ್ಲಿ ‘ಒಡಕಲು ಬಿಂಬ’ ಆಡಿಸಿದರು. ಟಿವಿ ಸ್ಟುಡಿಯೊ ಒಂದೇ ಜಾಗ, ರಂಗದ ಮೇಲೆ ಒಬ್ಬಳೇ ಲೇಖಕಿ. ಮಾತು ಮುಗಿಸಿ ಹೊರಡುವ ಹೊತ್ತಿಗೆ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನೆ ಕೇಳತೊಡಗುತ್ತದೆ. ಅರುಂಧತಿ ನಾಗ್ ಅಭಿನಯಿಸಿದ ಆ ಪ್ರಯೋಗ ನೋಡಿದವರಿಗೆ, ಒಬ್ಬ ವ್ಯಕ್ತಿಯನ್ನು ಕೋಣೆಯಲ್ಲಿ ಕೂಡಿಹಾಕಲು ಇನ್ನೊಬ್ಬ ಬೇಕಿಲ್ಲ ಎಂದು ಗೊತ್ತಾಗಿದೆ.

ಈಗ ಸಿನಿಮಾದ ಆಚೆ ಬರೋಣ. ನಿಜವಾಗಿ ಮುಚ್ಚಿದ ಜಾಗದಲ್ಲಿ ಸಿಕ್ಕಿಬಿದ್ದವರನ್ನು ಉತ್ತರ ಕರ್ನಾಟಕ ಮತ್ತೆ ಮತ್ತೆ ಕಂಡಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅವಶೇಷದಡಿ ದಿನಗಟ್ಟಲೆ ಉಸಿರು ಹಿಡಿದಿದ್ದ ಕೆಲವರು ಜೀವಂತ ಹೊರಬಂದರು. 2024ರ ಏಪ್ರಿಲ್ ಮೊದಲ ವಾರ ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ಕೊಳವೆಬಾವಿಗೆ ಬಿದ್ದಿತು. ಪೈಪಿನಲ್ಲಿ ಆಮ್ಲಜನಕ ಬಿಟ್ಟರು, ಕ್ಯಾಮೆರಾ ಇಳಿಸಿದರು, ಪಕ್ಕದಲ್ಲಿ ಗುಂಡಿ ತೋಡಿ ಅಡ್ಡಡ್ಡ ಕೊರೆದರು. ಸುಮಾರು ಇಪ್ಪತ್ತು ಗಂಟೆಗಳ ಮೇಲೆ ಮಗು ಜೀವಂತ ಬಂತು. ಇಳಿಸಿದ ಕ್ಯಾಮೆರಾದಲ್ಲಿ ಪುಟ್ಟ ಕಾಲು ಅಲುಗುವುದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು.

ಆ ಹೊತ್ತಿನಲ್ಲಿ ಟಿವಿಗಳು ಬಳಸಿದ್ದು ಥ್ರಿಲ್ಲರ್ ಚಿತ್ರದ ಉಪಾಯಗಳನ್ನೇ. ಗಡಿಯಾರದ ಟಿಕ್ ಟಿಕ್, ಎದೆಬಡಿತದ ಸದ್ದು, ಮತ್ತೆ ಮತ್ತೆ ಅದೇ ಕಾಲಿನ ಚಿತ್ರ. ಇದು ನನಗೆ ಸಹಿಸಲಾಗದ ಸಂಗತಿ. ಸಿನಿಮಾದಲ್ಲಿ ಪೆಟ್ಟಿಗೆಯೊಳಗಿರುವವನು ಸಂಬಳ ತೆಗೆದುಕೊಂಡ ನಟ, ಸಂಜೆ ಎದ್ದು ಮನೆಗೆ ಹೋಗುತ್ತಾನೆ. ಇಲ್ಲಿ ಒಳಗಿರುವುದು ಕೂಸು, ಮೇಲೆ ನಿಂತಿರುವುದು ಅದರ ತಾಯಿ. ಕಥೆ ಮಾಡಲೇಬೇಕೆಂದರೆ ಅದಕ್ಕೂ ದಾರಿಯಿದೆ. ಭರತನ್ 1990ರಲ್ಲೇ ಮಲಯಾಳದಲ್ಲಿ ಇಂಥದೇ ಕೂಸಿನ ಕಥೆಯ ‘ಮಾಳೂಟ್ಟಿ’ ಮಾಡಿದರು. 2017ರಲ್ಲಿ ತಮಿಳಿನ ಗೋಪಿ ನೈನಾರ್ ‘ಅರಂ’ ಮಾಡಿದಾಗ, ನಯನತಾರಾ ಅಭಿನಯಿಸಿದ ಜಿಲ್ಲಾಧಿಕಾರಿಯ ಮೂಲಕ, ಕುಡಿಯುವ ನೀರಿಲ್ಲದ ಊರು, ಮುಚ್ಚದೆ ಬಿಟ್ಟ ಕೊಳವೆಬಾವಿ, ಹಳ್ಳಿಯ ಮಗುವನ್ನು ಎತ್ತಲು ಸರಿಯಾದ ಸಲಕರಣೆಯಿಲ್ಲದ ಸರಕಾರ, ಎಲ್ಲವನ್ನೂ ಆ ಕಿರಿದಾದ ಕೊಳವೆಯ ಬಾಯಲ್ಲಿ ನಿಲ್ಲಿಸಿದರು. ಕೊಳವೆಬಾವಿ ದುರಂತಗಳನ್ನು ಇಷ್ಟು ಕಂಡ ಕನ್ನಡದಲ್ಲಿ ಆ ತೂಕದ ಚಿತ್ರ ಬರಬೇಕಿತ್ತು.

ಕುಂದಗೋಳ ತಾಲೂಕಿನ ಮಟ್ಟಿಗೆ, ಹೀಗೆ ಸಿಕ್ಕಿಬಿದ್ದವರ ವಿಷಯ ಇನ್ನೂ ಹತ್ತಿರದ್ದು. ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮದ್ರಾಸ್ ರೆಜಿಮೆಂಟ್‌ನ 19ನೇ ಬೆಟಾಲಿಯನ್ನಿನ ಯೋಧ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಉತ್ತರ ಭಾಗದಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಹತ್ತರಲ್ಲಿ ಮೂವರು ಕರ್ನಾಟಕದವರು. ಯಾರೂ ಉಳಿದಿರಲಾರರು ಎಂದು ದೇಶ ಕೈಚೆಲ್ಲಿತ್ತು. ಹುಡುಕಾಟ ಮಾತ್ರ ನಿಲ್ಲಲಿಲ್ಲ. ಕಾಂಕ್ರೀಟಿನಷ್ಟು ಗಟ್ಟಿಯಾಗಿದ್ದ ಹಿಮವನ್ನು ಗರಗಸ, ಡ್ರಿಲ್ಲುಗಳಿಂದ ಕೊಯ್ಯುತ್ತ ಹೋದರು. ರಾಡಾರ್ ತಂದರು. ಡಾಟ್, ಮಿಶಾ ಎಂಬ ಸೇನೆಯ ನಾಯಿಗಳು ಮೂಸಿ ಜಾಗ ತೋರಿಸಿದವು. 8ರಂದು, ಆರನೆಯ ದಿನ, ಸುಮಾರು 25 ಅಡಿ ಕೆಳಗೆ ಹನುಮಂತಪ್ಪ ಜೀವಂತ ಸಿಕ್ಕರು. ಮರುದಿನ ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. 11ರಂದು ತೀರಿಕೊಂಡರು. ಬೆಟದೂರಿನ ಮಣ್ಣಿಗೆ ಅವರನ್ನು ಒಪ್ಪಿಸಲು ಸುತ್ತಲಿನ ಹಳ್ಳಿಗಳ ಜನ ಸಾಗರದಂತೆ ಬಂದಿದ್ದರು.

ಇದನ್ನು ಸಿನಿಮಾ ಮಾಡಬೇಕೆಂದು ಆಗ ಅನೇಕರು ಹೇಳಿದರು. ನನಗೆ ಈ ವಿಷಯದಲ್ಲಿ ಸ್ಪಷ್ಟ ನಿಲುವಿದೆ. ಹಿಮದಡಿಯ ಆ ಆರು ದಿನ ಏನು ನಡೆಯಿತೆಂದು ಬಲ್ಲ ಒಬ್ಬರೇ ಒಬ್ಬರು ಅದನ್ನು ಹೇಳಲು ಉಳಿಯಲಿಲ್ಲ. ಕ್ಯಾಮೆರಾ ಅಲ್ಲಿಗೆ ಇಳಿದರೆ ಕಾಣುವುದೆಲ್ಲ ನಿರ್ದೇಶಕನ ಕಲ್ಪನೆ, ಮತ್ತು ಆ ಕಲ್ಪನೆಯನ್ನು ಬೆಟದೂರಿನ ಒಂದು ಮನೆ ನೋಡಬೇಕಾಗುತ್ತದೆ. ಗೊತ್ತಿರುವುದು ಮೇಲಿನ ಕಥೆ. ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿನ ಚಳಿಯಲ್ಲಿ, ಉಸಿರಿಗೇ ಕೊರತೆಯಾದ ಎತ್ತರದಲ್ಲಿ, ಸತ್ತಿರಬಹುದಾದವರಿಗಾಗಿ ಹಗಲು ರಾತ್ರಿ ಹಿಮ ಕಡಿದವರ ಕಥೆ. ಅವರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ, ಆ ಹಿಮದ ಮೈದಾನವೇ ಅವರ ಮುಚ್ಚಿದ ಕೋಣೆ. ಕ್ಯಾಮೆರಾ ಅಲ್ಲಿ ನಿಲ್ಲಲಿ. ಕೊನೆಯ ಚಪ್ಪಡಿ ಎತ್ತುವವರೆಗೆ ಕೆಳಗೇನಿದೆಯೆಂದು ಅಗೆಯುವವರಿಗೆ ಗೊತ್ತಿಲ್ಲದಂತೆ ನೋಡುವವರಿಗೂ ಗೊತ್ತಾಗಬಾರದು.

ಹುಬ್ಬಳ್ಳಿ ಧಾರವಾಡದಲ್ಲಿ, ಅಣ್ಣಿಗೇರಿ ನವಲಗುಂದದ ಕಡೆ ಮೊಬೈಲಿನಲ್ಲೇ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಈಗ ಬೇಕಾದಷ್ಟು ಇದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ. ಹಣ ಕಡಿಮೆ ಎಂಬ ಕಾರಣಕ್ಕೆ ಒಂದೇ ಕೋಣೆಯ ಕಥೆ ಆರಿಸಿಕೊಳ್ಳಬೇಡಿ. ಹಣ ಉಳಿಯುತ್ತದೆ ನಿಜ, ಆದರೆ ಬರವಣಿಗೆಯಲ್ಲಿ ಅದಕ್ಕೆ ಎರಡರಷ್ಟು ತೆರಬೇಕಾಗುತ್ತದೆ. ಬೇಸರವಾದರೆ ಕರೆದೊಯ್ಯಲು ಬೇರೆ ಜಾಗವಿರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಥೆ ಬೆಂಗಳೂರಿನವರು ಬರೆಯಲಿ. ನಿಮ್ಮ ಊರಿನ ಹಳೆಯ ಮಣ್ಣಿನ ಮಾಳಿಗೆ ಮನೆ ನೋಡಿ. ಒಂದೇ ತಲಬಾಗಿಲು. ದನ, ಮಂದಿ ಎಲ್ಲ ಅದರಲ್ಲೇ ಒಳಗೆ ಬರಬೇಕು. ಒಳಗೆ ಹೋದರೆ ಒಂದು ಕಡೆ ದನ ಕಟ್ಟುವ ದಂದಕ್ಕಿ, ಮೇಲೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಹಗಲಲ್ಲೂ ಕತ್ತಲೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಹೊತ್ತು ಏರಿದಂತೆ ಆ ಬೆಳಕಿನ ಬಿಲ್ಲೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಇನ್ನೊಂದು ಗೋಡೆಗೆ ಸರಿಯುತ್ತದೆ, ಗಡಿಯಾರ ತೋರಿಸುವ ಕೆಲಸವೇ ಇಲ್ಲ. ಮಾಳಿಗೆಯ ಮೇಲೆ ಯಾರೋ ನಡೆದರೆ ಒಳಗೆ ಮಣ್ಣು ಉದುರುತ್ತದೆ. ದನ ಬೆದರಿದರೆ ಹೊರಗೆ ಯಾರೋ ಬಂದಿದ್ದಾರೆ ಎಂದು ತಿಳಿಯುತ್ತದೆ. ಯಾವ ಕಲಾ ನಿರ್ದೇಶಕ ಕೊಟ್ಟಾನು ಇದನ್ನು? ಪಾತ್ರಗಳು ನಿಮ್ಮ ಮಾತನ್ನೇ ಆಡಲಿ. ಹೆದರಿದಾಗ ಮನುಷ್ಯ ಮನೆಮಾತಿನಲ್ಲೇ ಕೂಗುತ್ತಾನೆ.

ಆದರೆ ಒಂದು ಎಚ್ಚರ. ಚಿತ್ರೀಕರಣಕ್ಕೆಂದು ಹಾಳು ಬಾವಿ, ಮುಚ್ಚಿದ ಗುಂಡಿ, ಟ್ಯಾಂಕುಗಳಿಗೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಅಲ್ಲಿಯ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ನಿಮ್ಮೂರ ಬಡಿಗೇರರನ್ನು ಹಿಡಿದು ಹಲಗೆಯಿಂದ ಒಂದು ಗೂಡು ಕಟ್ಟಿಸಿ, ಮೂರು ಗೋಡೆ ಗಟ್ಟಿ ಇರಲಿ, ನಾಲ್ಕನೆಯದು ಎತ್ತಿ ಪಕ್ಕಕ್ಕೆ ಇಡಲು ಬರುವಂತಿರಲಿ.